ಒಂದೇ ಬಾಲ್: ಅಕ್ಕನ ಮಗನ ಕೈಯಲ್ಲಿ ಹಾವು, ನನ್ನ ಕೈಯಲ್ಲಿ ಹಗ್ಗ

ಹೆಬ್ಬೆರಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ ಪುಣ್ಯ ಕಟ್ಟಿಕೊಳ್ಳಿ.

ನನಗೆ 49 ವರ್ಷ. ಲೇನ್ ಮೇಲೆ ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಬೌಲಿಂಗ್ ಆಡುತ್ತೇನೆ. ಬಲಗೈ. ಒಂದೇ ಕೈಯಲ್ಲಿ, ಹೆಬ್ಬೆರಳು ತೂತಿಗೆ ಹಾಕಿಯೇ ಬಾಲ್ ಬಿಡುವವನು. ಮಣಿಕಟ್ಟು ಜಾಸ್ತಿ ತಿರುಗಿಸುವುದಿಲ್ಲ. ತಿರುಗಿಸಿದರೆ ಮಾರನೇ ದಿನ ಅದು ನನಗೆ ಬುದ್ಧಿ ಕಲಿಸುತ್ತದೆ.

ನನ್ನ ಅಕ್ಕನ ಮಗ ಎರಡು ಕೈಯಲ್ಲಿ ಆಡುತ್ತಾನೆ. ಅವನ ಬಾಲ್ ನೋಡಿದರೆ ಹೊಟ್ಟೆಕಿಚ್ಚು ಬರುತ್ತದೆ. ಲೇನ್ ಪಕ್ಕದ ಗಟರ್‌ಗೆ ಬಿದ್ದೇ ಹೋಯಿತು ಅನ್ನುವಷ್ಟು ಬಲಕ್ಕೆ ಹೋಗುತ್ತದೆ. ಆಮೇಲೆ ಏನೋ ಮರೆತು ಬಂದವರ ಹಾಗೆ ತಟ್ಟನೆ ತಿರುಗಿ ಪಾಕೆಟ್‌ಗೆ, ಅಂದರೆ 1 ಮತ್ತು 3ನೇ ಪಿನ್ ನಡುವಿನ ಸಂದಿಗೆ, ನುಗ್ಗುತ್ತದೆ. ಎರಡು ತಿಂಗಳ ಹಿಂದೆ ನಾನೂ ಅದೇ ಬಾಲ್ ತಗೊಂಡೆ. ಅದೇ ಮಾಡೆಲ್, ಅದೇ ತೂಕ. 15 ಪೌಂಡ್, ಸಾಲಿಡ್ ರಿಯಾಕ್ಟಿವ್ (ಎಣ್ಣೆ ಹೀರಿ ನೆಲ ಹಿಡಿಯುವ ಹೊರಮೈ), ಅಸಿಮೆಟ್ರಿಕ್ ಕೋರ್ (ಒಳಗಿನ ತೂಕದ ಗಟ್ಟಿ, ಎಲ್ಲಾ ಕಡೆ ಒಂದೇ ಸಮ ಇಲ್ಲದ್ದು), ಆರ್‌ಜಿ 2.48 (ಕಡಿಮೆ ಇದ್ದಷ್ಟೂ ಬೇಗ ಸುತ್ತಲು ಶುರು), ಡಿಫರೆನ್ಷಿಯಲ್ 0.052 (ಜಾಸ್ತಿ ಇದ್ದಷ್ಟೂ ಪ್ರತಿ ಸುತ್ತಿಗೆ ಹೊಸ ಮೈ ನೆಲಕ್ಕೆ ಸಿಗುತ್ತದೆ), ಕಾರ್ಖಾನೆಯಿಂದ ಬಂದ 2000 ಗ್ರಿಟ್ ಮೈ (ಗ್ರಿಟ್ ಸಂಖ್ಯೆ ಕಡಿಮೆ ಇದ್ದಷ್ಟೂ ಒರಟು). ತೂತು ಕೊರೆಯುವವರಿಗೂ "ಅವನದರ ಹಾಗೇ ಕೊರೆದುಬಿಡಿ" ಅಂದೆ. ಅವರೂ ಕೊರೆದುಬಿಟ್ಟರು.

ನನ್ನ ಕೈಯಲ್ಲಿ ಅದು ಹಗ್ಗ. ತಿರುಗುತ್ತದೆ, ಇಲ್ಲ ಅನ್ನಲ್ಲ. ಆದರೆ ಅರ್ಧ ದಾರಿಯಲ್ಲೇ ಮೆತ್ತಗೆ ತಿರುಗಿ, ಆಮೇಲೆ ಸುಸ್ತಾದವರ ಹಾಗೆ ನೆಟ್ಟಗೆ ಹೋಗಿ ಪಿನ್‌ಗಳ ಮೇಲೆ ಒರಗುತ್ತದೆ. ಪಾಕೆಟ್‌ಗೇ ಬೀಳುತ್ತದೆ, ಆದರೂ ಬಲ ಮೂಲೆಯ 10ನೇ ಪಿನ್ ನಿಂತಿರುತ್ತದೆ. ನನಗೆ ಬರೆದಿಡುವ ಚಟ. ಮೊನ್ನೆ 4 ಗೇಮ್‌ನಲ್ಲಿ 10ನೇ ಪಿನ್ ಒಂದೇ ಉಳಿದದ್ದು 11 ಸಲ. ನನ್ನ ಹಳೇ ಪರ್ಲ್ (ಹೊಳೆಯುವ, ಎಣ್ಣೆಯಲ್ಲಿ ಹೆಚ್ಚು ದೂರ ಜಾರುವ) ಬಾಲ್‌ನಲ್ಲಿ ಸರಾಸರಿ ಸ್ಕೋರ್ 168 ಇತ್ತು. ಈ ಹೊಸ ದೊರೆಯಲ್ಲಿ 154.

ಲೇನ್ ಮೇಲೆ ಎಣ್ಣೆ ಹಾಕಿರುವ ರೀತಿ ಮಾಮೂಲಿ ಹೌಸ್ ಪ್ಯಾಟರ್ನ್, 40 ಅಡಿ ಎಣ್ಣೆ. ಲೇನ್ ಮೇಲೆ ಗುರುತು ಮಾಡಿರುವ ಎರಡನೇ ಬಾಣದ ಮೇಲೆ, ಅಂದರೆ ಬಲ ಅಂಚಿನಿಂದ 10ನೇ ಬೋರ್ಡ್ (ಲೇನ್‌ನ ಉದ್ದುದ್ದ ಪಟ್ಟಿ) ಮೇಲೆ ಹೆಚ್ಚುಕಮ್ಮಿ ನೇರವಾಗಿ ಬಿಡುತ್ತೇನೆ. ಬಾಲ್ ತಪ್ಪಾ, ನಾನು ತಪ್ಪಾ?

ಗುಂಡು ನೆಟ್ಟಗೆ

ತಲೆ ಕೆಡಿಸಿಕೊಳ್ಳಬೇಡಿ ಸರ್. ನಾನೂ ನಿಮ್ಮ ಹಾಗೇ ಸ್ಟ್ರೋಕರ್. ಅಂದರೆ ಬಾಲ್‌ಗೆ ಕೊಡುವ ಸುತ್ತು ಕಡಿಮೆ, ನಿಮಿಷಕ್ಕೆ 220ರ ಹತ್ತಿರ. ನಮ್ಮಂಥವರ ಕೈಯಲ್ಲಿ ಬಲ ಇಲ್ಲದಿರುವಾಗ ಆ ಬಲ ಬಾಲ್‌ನಲ್ಲಿ ಇರಬೇಕು, ಅಷ್ಟೇ ಲೆಕ್ಕ. ನನ್ನದೂ ಇಂಥದ್ದೇ ಸಾಲಿಡ್. ಅದಕ್ಕೆ 1000 ಗ್ರಿಟ್ ಪ್ಯಾಡ್ ಹಾಕಿ ಇನ್ನೂ ಒರಟು ಮಾಡಿದ್ದೇನೆ. ಚೆನ್ನಾಗಿ ಹಿಡಿಯುತ್ತದೆ. ನೀವೂ ಹಾಗೇ ಮಾಡಿ, ಎರಡು ವಾರ ಬಿಟ್ಟು ಹೇಳಿ.

ಎಡಚ

ನಾನು ಎಡಗೈ. ಲೇನ್‌ನ ಎಡಭಾಗದಲ್ಲಿ, ನಮ್ಮ ಕಡೆ ಎಣ್ಣೆ ಒರೆಸಿ ಹಾಳು ಮಾಡುವವರು ನಾಲ್ಕೇ ಜನ. ಹಾಗಾಗಿ ನನ್ನ ಮಾತು ಯಾರಿಗೂ ಉಪಯೋಗಕ್ಕೆ ಬರಲ್ಲ. ಸುಮ್ನೆ ಓದಲು ಕೂತಿದ್ದೇನೆ.

ತೂತು ಮೇಷ್ಟ್ರು

ಬಾಲ್ ಕೊರೆಯುವುದೇ ನನ್ನ ಕೆಲಸ. ಯಾರಾದರೂ ಬಂದು "ಅವನದರ ಹಾಗೇ ಕೊರೆದುಬಿಡಿ" ಅಂದರೆ ನನಗೆ ಕನ್ನಡಕದ ಅಂಗಡಿ ನೆನಪಾಗುತ್ತದೆ. ಭಾವನ ಕನ್ನಡಕದ ನಂಬರ್ ನಿಮ್ಮ ಕಣ್ಣಿಗೆ ಹಾಕಿಸಿಕೊಳ್ಳುತ್ತೀರಾ?

ಪ್ಯಾಡ್ ಕೈಗೆ ತಗೊಳ್ಳುವ ಮುಂಚೆ ಎರಡು ವಿಷಯ ನೋಡಿ ಹೇಳಿ.

10ನೇ ಪಿನ್ ನಿಂತಾಗ ಅದನ್ನು ನೋಡಬೇಡಿ, 6ನೇ ಪಿನ್ ಎಲ್ಲಿ ಬಿತ್ತು ನೋಡಿ. 10ನ್ನು ಬೀಳಿಸಬೇಕಾದವನು ಆ 6. ಅದು ಗಾಳಿಯಲ್ಲಿ ಹಾರಿ 10ರ ಕುತ್ತಿಗೆ ಬಳಸಿ ಪಕ್ಕದ ಗೋಡೆಗೆ ಬಡಿದರೆ ಒಂದು ಕಥೆ. ಮಲಗಿದ ಹಾಗೆ ಹೋಗಿ 10ರ ಮುಂದೆ ಗಟರ್‌ನಲ್ಲಿ ಬಿದ್ದುಕೊಂಡರೆ ಬೇರೆ ಕಥೆ. ಮೊದಲನೆಯದರಲ್ಲಿ ಬಾಲ್‌ಗೆ ಶಕ್ತಿ ಇದೆ, ಒಂದು ಕೂದಲೆಳೆ ತಪ್ಪಿದೆ. ಎರಡನೆಯದರಲ್ಲಿ ಬಾಲ್ ಪಿನ್ ಹತ್ತಿರ ಬರುವ ಹೊತ್ತಿಗೆ ಸತ್ತಿದೆ.

ಇನ್ನೊಂದು, ಫೋನಿನಲ್ಲಿ ಸ್ಲೋ ಮೋಷನ್, ಸೆಕೆಂಡಿಗೆ 240 ಫ್ರೇಮ್ ಇಟ್ಟು ಹಿಂದಿನಿಂದ ವಿಡಿಯೋ ಮಾಡಿಸಿ. ಬಾಲ್ ಮೇಲೆ ಬಿಳಿ ಟೇಪ್ ತುಂಡು ಅಂಟಿಸಿ. ಬಿಟ್ಟ ಕೂಡಲೇ ಒಂದು ಸುತ್ತಿಗೆ ಎಷ್ಟು ಫ್ರೇಮ್ ಅಂತ ಎಣಿಸಿ. 14,400ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಬರುತ್ತದೆ. ಫೌಲ್ ಲೈನ್‌ನಿಂದ (ಬಾಲ್ ಬಿಡುವಾಗ ದಾಟಬಾರದ ಗೆರೆ) ಎಲ್ಲಕ್ಕಿಂತ ಮುಂದಿನ 1ನೇ ಪಿನ್‌ವರೆಗೆ 60 ಅಡಿ. ಅದಕ್ಕೆ ಎಷ್ಟು ಸೆಕೆಂಡ್ ಅಂತಲೂ ಬರೆಯಿರಿ.

ಗುಂಡು ನೆಟ್ಟಗೆ ಅವರೇ, ನಿಮ್ಮ ಸೆಕೆಂಡ್ ಕೂಡ ಹೇಳಿ.

ಗುಂಡು ನೆಟ್ಟಗೆ

2.2 ಸೆಕೆಂಡ್. ಜೋರಾಗಿ ಬಿಡುವುದು ಚಿಕ್ಕಂದಿನಿಂದ ಅಭ್ಯಾಸ.

ಹೆಬ್ಬೆರಳು

ಅಕ್ಕನ ಮಗನನ್ನೂ ಎಳೆದುಕೊಂಡು ಹೋಗಿದ್ದೆ. ಪೂರ್ತಿ ಸಂಜೆ ಹೋಯಿತು. ನಾವು ಫ್ರೇಮ್ ಎಣಿಸುವುದನ್ನು ನೋಡಿ ಪಕ್ಕದ ಲೇನ್‌ನವರು ಏನೋ ಪತ್ತೇದಾರಿ ಕೆಲಸ ಅಂದುಕೊಂಡಿರಬೇಕು.

ನನ್ನದು ಸುತ್ತಿಗೆ 62 ಫ್ರೇಮ್. ಅಂದರೆ 232 ಸುತ್ತು. ಸಮಯ 2.75 ಸೆಕೆಂಡ್. ಗಂಟೆಗೆ 24 ಕಿ.ಮೀ. ಬರುತ್ತದೆ. ನಾನು ಜೋರಾಗಿ ಬಿಡುತ್ತೇನೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ!

ಅವನದು 31 ಫ್ರೇಮ್. 464 ಸುತ್ತು. ನನ್ನದರ ಸರಿಯಾಗಿ ಎರಡರಷ್ಟು. ಸಮಯ 2.3 ಸೆಕೆಂಡ್.

ಇನ್ನು 6ನೇ ಪಿನ್. ನೀವು ಹೇಳಿದ ಮೇಲೆ ಅದರ ಮೇಲೇ ಕಣ್ಣಿಟ್ಟೆ. ಅಯ್ಯೋ, ಪ್ರತಿ ಸಲ ಗಟರ್‌ನಲ್ಲಿ ಆರಾಮಾಗಿ ಮಲಗಿರುತ್ತದೆ. 10ನೇ ಪಿನ್‌ಗೆ ಕಾವಲು ಕೂತ ಹಾಗೆ. ಇಷ್ಟು ವರ್ಷ ಆಡಿ ಇದನ್ನು ಒಂದು ದಿನವೂ ನೋಡಿರಲಿಲ್ಲ.

ಇನ್ನೊಂದು ವಿಷಯ ಕಂಡಿತು. ಬಾಲ್ ವಾಪಸ್ ಬಂದಾಗ ಒರೆಸುವ ಮುಂಚೆ ಬೆಳಕಿಗೆ ಹಿಡಿದು ನೋಡಿದೆವು. ಎಣ್ಣೆಯ ಉಂಗುರಗಳು ಒಂದರ ಪಕ್ಕ ಒಂದು ಬಿದ್ದಿದ್ದವು. ಒಂದು ಕಡೆ ಎಲ್ಲಾ ಸೇರಿಕೊಂಡು, ಮುಂದೆ ಬಿಚ್ಚಿಕೊಂಡು, ಬೀಸಣಿಗೆ ಹಾಗೆ. ನನ್ನ ಬಾಲ್ ಮೇಲೆ 7 ಎಣಿಸಿದೆ, ಅವನದರ ಮೇಲೆ 11. ಇದರಿಂದ ಏನಾದರೂ ಗೊತ್ತಾಗುತ್ತದಾ?

ಎರಡು ಕೈ

ಮಾವ, ನಾನೇ. ಇದಕ್ಕೋಸ್ಕರ ಈಗ ತಾನೇ ಇಲ್ಲಿ ಹೆಸರು ಮಾಡಿಕೊಂಡೆ.

ಎಲ್ಲರಿಗೂ ಒಂದು ಮಾತು. ಮಾವ ನನ್ನ ಬಾಲ್ ನೋಡುವುದು ಚೆನ್ನಾಗಿ ಬಿದ್ದ ದಿನ ಮಾತ್ರ. ಎರಡನೇ ಗೇಮ್ ಮುಗಿಯುವ ಹೊತ್ತಿಗೆ ಈ ಬಾಲ್ ನನ್ನ ಕೈಗೆ ಸಿಗಲ್ಲ. ಎಣ್ಣೆ ಒಣಗುತ್ತಾ ಬಂದ ಹಾಗೆ ಮೂರು ಬೋರ್ಡ್ ಎಡಕ್ಕೆ, ಮತ್ತೆ ಮೂರು ಬೋರ್ಡ್ ಎಡಕ್ಕೆ ಅಂತ ಸರಿದು ಸರಿದು ಕೊನೆಗೆ ಬಾಲ್ ಬರುವ ರ‍್ಯಾಕಿಗೆ ಕಾಲು ತಗಲುತ್ತದೆ. ಆಗ ಚೀಲಕ್ಕೆ ಹಾಕಿ ಹೊಳೆಯುವ ಪರ್ಲ್ ತೆಗೆಯುತ್ತೇನೆ. ಎಣ್ಣೆಯ ಪ್ಯಾಟರ್ನ್ ಗಿಡ್ಡ ಇದ್ದ ದಿನ ಅದೂ ಬೇಡ, ಯುರೆಥೇನ್ ಹೊರಮೈಯ ಬಾಲ್. ಅದು ತಟ್ಟನೆ ತಿರುಗಲ್ಲ, ನಿಧಾನಕ್ಕೆ ಬಳಸಿಕೊಂಡು ಬರುತ್ತದೆ. ನನ್ನ ಸುತ್ತಿಗೆ ಅದೇ ಸರಿ. ಆದರೆ ಅದು ಲೇನ್ ಮುಂಭಾಗದ ಎಣ್ಣೆಯನ್ನು ತಳ್ಳಿಕೊಂಡು ಹೋಗಿ ಪಿನ್‌ಗಳ ಕಡೆ ಬಿಡುತ್ತದೆ. ಒಂದಷ್ಟು ಹೊತ್ತಾದ ಮೇಲೆ ಬಾಲ್ ತಿರುಗಬೇಕಾದಲ್ಲಿ ಜಾರುತ್ತದೆ. ಪಕ್ಕದವರ ಬೈಗುಳ ಬೇರೆ.

ಅವತ್ತು ಸುಮ್ನೆ ಅಭ್ಯಾಸಕ್ಕೆ ಅಂತ ಮಾವನ ಬಾಲ್ ನಾನೂ ಬಿಟ್ಟು ನೋಡಿದೆ, ಹೆಬ್ಬೆರಳು ಹಾಕದೆ. ನನ್ನದರ ಹಾಗೇ ತಿರುಗಿತು. ಹಾಗಾಗಿ ಬಾಲ್ ಕೆಟ್ಟಿಲ್ಲ. (ಪಂದ್ಯದಲ್ಲಿ ಹಾಗೆ ಬಿಡುವಂತಿಲ್ಲ. ಬಾಲ್ ಹಿಡಿಯಲು ಬಳಸದ ತೂತು ಇದ್ದರೆ ಅದನ್ನು ಬ್ಯಾಲೆನ್ಸ್ ಹೋಲ್ ಅಂತ ಲೆಕ್ಕ ಹಾಕುತ್ತಾರೆ. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ಅದನ್ನು 2020ರ ಆಗಸ್ಟ್‌ನಿಂದ ನಿಲ್ಲಿಸಿದೆ.)

ತೂತು ಮೇಷ್ಟ್ರು

ಶಭಾಷ್, ಇಬ್ಬರಿಗೂ. ಈಗ ಮಾತಾಡಲು ಏನಾದರೂ ಇದೆ.

ಬಾಲ್ ಲೇನ್ ಮೇಲೆ ಮೂರು ಕೆಲಸ ಮಾಡುತ್ತದೆ. ಎಣ್ಣೆಯ ಮೇಲೆ ಜಾರುತ್ತದೆ. ಹಿಡಿತ ಸಿಕ್ಕಾಗ ತಿರುಗುತ್ತದೆ. ಆಮೇಲೆ ಉರುಳುತ್ತದೆ. ಉರುಳಲು ಶುರುವಾಯಿತು ಅಂದರೆ ತಿರುವು ಮುಗಿಯಿತು. ಅಲ್ಲಿಂದ ಮುಂದೆ ಅದು ಇಳಿಜಾರಿನಲ್ಲಿ ಬಿಟ್ಟ ತೆಂಗಿನಕಾಯಿ ಇದ್ದ ಹಾಗೆ, ಹೋದ ದಿಕ್ಕಿಗೇ ಹೋಗುತ್ತದೆ. ತಿರುವು ಮುಗಿದು ಉರುಳು ಶುರುವಾಗುವುದು ಪಿನ್‌ಗಳ ಹತ್ತಿರದಲ್ಲಿ ಆಗಬೇಕು. ಹೆಬ್ಬೆರಳು ಅವರೇ, ನಿಮ್ಮದು ತುಂಬಾ ಮುಂಚೆಯೇ ಉರುಳುತ್ತಿದೆ. ಆಗಬೇಕಾದದ್ದೇ. ಒರಟು ಸಾಲಿಡ್ ಮೈ, ಬೇಗ ಸುತ್ತಲು ಶುರು ಮಾಡುವ ಕಡಿಮೆ ಆರ್‌ಜಿ, ನಿಧಾನದ ಕೈ. ಸಾಲದ್ದಕ್ಕೆ 10ನೇ ಬೋರ್ಡ್ ಮೇಲೆ ನೇರವಾಗಿ ಬಿಡುತ್ತಿದ್ದೀರಿ. ಹೌಸ್ ಪ್ಯಾಟರ್ನ್‌ನಲ್ಲಿ ಎಣ್ಣೆ ಇರುವುದು ಮಧ್ಯದಲ್ಲಿ. 10ರಿಂದ ಒಂದೆರಡು ಬೋರ್ಡ್ ಹೊರಗೆ ಹೋದರೆ ಒಣ ನೆಲ. ಬಾಲ್ ದಾರಿಯ ಉದ್ದಕ್ಕೂ ತನ್ನ ಬಂಡವಾಳ ಖರ್ಚು ಮಾಡಿಕೊಂಡೇ ಹೋಗುತ್ತದೆ.

ನಿಮ್ಮ ಅಕ್ಕನ ಮಗನ ದಾರಿ ನೋಡಿ. ಅವನು ನಡುವಿನ ಬಾಣದ ಮೇಲಿಂದ ಬಲಕ್ಕೆ ಬಿಡುತ್ತಿರಬೇಕು. ಎಣ್ಣೆಯ ಒಳಗೇ ಹೋಗಿ ಕೊನೆಗೆ ಒಣ ಜಾಗಕ್ಕೆ ಬರುತ್ತದೆ. ಮೇಲಾಗಿ ಅವನ ಬಾಲ್ ಪಕ್ಕಕ್ಕೆ ಸುತ್ತುತ್ತಾ ಹೋಗುತ್ತದೆ, ನಿಮ್ಮದು ಮುಂದಕ್ಕೆ ಸುತ್ತುತ್ತಾ ಹೋಗುತ್ತದೆ. ನಾವು ಆಕ್ಸಿಸ್ ರೊಟೇಷನ್ ಅನ್ನುವುದು ಇದಕ್ಕೇ. ಪಕ್ಕಕ್ಕೆ ಸುತ್ತುವ ಬಾಲ್ ಹೋಗುವ ದಿಕ್ಕಿಗೆ ಸರಿಹೊಂದಿಕೊಳ್ಳಲು ಹೊತ್ತು ಬೇಕು. ಆ ಹೊತ್ತೇ ನಿಮಗೆ ಕಾಣುವ ಹಾವು. ನಿಮ್ಮದರಲ್ಲಿ ಸರಿಹೊಂದಲು ಇರುವುದೇ ಸ್ವಲ್ಪ, 45 ಅಡಿಗೆ ಮುಗಿದುಹೋಗುತ್ತದೆ. ಬಾಲ್ ಬಿಡುವಾಗ ನಿಮ್ಮ ಕೈ ಹಿಂದೆ ಇರುತ್ತದೆ, ಅವನದು ಪಕ್ಕಕ್ಕೆ ಬಂದಿರುತ್ತದೆ. ವಿಡಿಯೋದಲ್ಲಿ ನೋಡಿ, ಸಿಗುತ್ತದೆ.

ಗುಂಡು ನೆಟ್ಟಗೆ ಅವರ ಸಲಹೆ ಅವರ ಮಟ್ಟಿಗೆ ಪಕ್ಕಾ ಸರಿ. 220 ಸುತ್ತಿಗೆ 2.2 ಸೆಕೆಂಡ್ ಅಂದರೆ ಗಂಟೆಗೆ 30 ಕಿ.ಮೀ. ಹತ್ತಿರ. ಬಾಲ್‌ಗೆ ನೆಲ ಹಿಡಿಯಲು ಪುರಸೊತ್ತೇ ಇಲ್ಲ. ಅವರಿಗೆ ಒರಟು ಮೈ ಬೇಕೇ ಬೇಕು. ನಿಮ್ಮಿಬ್ಬರ ಸುತ್ತು ಒಂದೇ, ಹೆಸರೂ ಒಂದೇ, ಸ್ಟ್ರೋಕರ್. ಅದಕ್ಕೇ ನನಗೆ ಈ ಸ್ಟ್ರೋಕರ್, ಟ್ವೀನರ್ (ಸುತ್ತು ಮಧ್ಯಮ), ಕ್ರ್ಯಾಂಕರ್ (ಸುತ್ತು ಜಾಸ್ತಿ) ಅನ್ನುವ ಹೆಸರುಗಳ ಮೇಲೆ ಅಷ್ಟು ಪ್ರೀತಿ ಇಲ್ಲ. ಸುತ್ತು ಒಂದನ್ನೇ ನೋಡಿ ಹೆಸರಿಟ್ಟು ಬಾಲ್ ಮಾರಿಬಿಡುತ್ತಾರೆ. ಸುತ್ತಿಗೂ ವೇಗಕ್ಕೂ ಜೋಡಿ ಹೇಗಿದೆ ಅನ್ನುವುದು ಮುಖ್ಯ. ವೇಗ ಜಾಸ್ತಿ, ಸುತ್ತು ಕಡಿಮೆ ಇದ್ದವರಿಗೆ ಒರಟು ಮೈ, ಬೇಗ ಎಚ್ಚರಾಗುವ ಕೋರ್. ಸುತ್ತು ಜಾಸ್ತಿ, ವೇಗ ಕಡಿಮೆ ಇದ್ದವರಿಗೆ ನಯವಾದ ಮೈ, ತಡವಾಗಿ ಎಚ್ಚರಾಗುವ ಕೋರ್. ನೀವು ಮಧ್ಯದಲ್ಲಿ ಇದ್ದೀರಿ, ಎರಡೂ ಕಡಿಮೆ. ನಿಮಗೆ ಮಧ್ಯಮ ಬಾಲ್ ಸಾಕು. ಹಳೇ ಪರ್ಲ್‌ನಲ್ಲಿ 168 ಬಂದದ್ದು ಸುಮ್ನೆ ಅಲ್ಲ.

ಉಂಗುರದ ವಿಷಯ. ಬಾಲ್ ಒಂದೊಂದು ಸುತ್ತಿಗೆ ಒಂದೊಂದು ಉಂಗುರ ಹೊಸ ಜಾಗದಲ್ಲಿ ಬೀಳುತ್ತದೆ. ಎಣ್ಣೆ ಇರುವಷ್ಟು ದೂರಕ್ಕೆ ನಿಮ್ಮದು 7 ಸಲ ಸುತ್ತಿತು, ಅವನದು 11 ಸಲ. ಉಂಗುರಗಳ ನಡುವೆ ಜಾಗ ಎಷ್ಟು ಬಿಡುತ್ತದೋ ಅಷ್ಟು ಒಣ ಮೈ ಪ್ರತಿ ಸುತ್ತಿಗೂ ನೆಲಕ್ಕೆ ಸಿಗುತ್ತದೆ. ಇದು ಡಿಫರೆನ್ಷಿಯಲ್ ಮತ್ತು ಕೊರೆದ ಜಾಗದ ಆಟ. 0.052 ಅಂದರೆ ಜಾಸ್ತಿಯೇ, ನಿಯಮದ ಮಿತಿಯೇ 0.060. ಒಂದು ಕೆಲಸ ಮಾಡಿ. ಬಿಳಿ ಟೇಪನ್ನು ಬಾಲ್‌ನ ಬಲಮೈಯಲ್ಲಿ ಅಲ್ಲಿ ಇಲ್ಲಿ ಸರಿಸಿ ಅಂಟಿಸುತ್ತಾ ಹೋಗಿ. ಬಿಟ್ಟ ಕೂಡಲೇ ಗಿರಗಿರ ಸುತ್ತದೆ, ಒಂದೇ ಕಡೆ ಅಲುಗದೆ ನಿಲ್ಲುವ ಚುಕ್ಕೆ ಒಂದು ಇರುತ್ತದೆ. ಅದೇ ಪಿಎಪಿ, ಬಾಲ್ ಸುತ್ತುವ ಅಕ್ಷದ ತುದಿ. ಅದರಿಂದ ಪಿನ್‌ಗೆ ಎಷ್ಟು ಇಂಚು ಅಂತ ಅಳೆಯಿರಿ. (ಪಿನ್ ಅಂದರೆ ಬೀಳುವ ಪಿನ್ ಅಲ್ಲ, ಬಾಲ್ ಮೇಲಿನ ಬಣ್ಣದ ಚುಕ್ಕೆ.) ಮೂರೂವರೆ ಇಂಚಿನ ಆಸುಪಾಸು ಬಂದರೆ ಉಂಗುರ ಅತಿ ಜಾಸ್ತಿ ಅಗಲವಾಗುವ ಜಾಗದಲ್ಲೇ ಕೊರೆಸಿಕೊಂಡಿದ್ದೀರಿ ಅಂತ ಅರ್ಥ.

ತೂತು ಮುಚ್ಚಿ ಹೊಸದಾಗಿ ಕೊರೆಯಬಹುದು. ಆದರೆ ಈಗಲೇ ಬೇಡ. ನನ್ನ ಕಸುಬಿಗೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಆದರೂ ಹೇಳುತ್ತೇನೆ. ಬಾಲ್ ನಡವಳಿಕೆಯಲ್ಲಿ ದೊಡ್ಡ ಪಾಲು ಹೊರಮೈದು. ಮೊದಲು 4000 ಪ್ಯಾಡ್ ಹಾಕಿ. ಪ್ಯಾಡ್ ಒದ್ದೆ ಮಾಡಿ, ಬಾಲ್‌ನ ನಾಲ್ಕೂ ಕಡೆ ಒಂದೇ ಸಮ ಒತ್ತಿ. ನಿಂತಿರುವ ಜಾಗದಿಂದ ಮೂರು ಬೋರ್ಡ್ ಎಡಕ್ಕೆ ಸರಿಯಿರಿ, 12ರ ಮೇಲೆ ಬಿಡಿ. ಎಣ್ಣೆಯ ಉದ್ದದಿಂದ 31 ಕಳೆಯುವುದು ಆಟಗಾರರ ಅಂದಾಜು ಲೆಕ್ಕ, 40 ಅಡಿ ಎಣ್ಣೆಗೆ 31 ಕಳೆದರೆ 9. ಎಣ್ಣೆ ಮುಗಿಯುವಲ್ಲಿ ಬಾಲ್ 9ನೇ ಬೋರ್ಡ್ ಹತ್ತಿರ ಇದ್ದರೆ ಸಾಕು. ಈ ಕೆಲಸ ಆಟಕ್ಕೆ ಮುಂಚೆ ಮಾಡಿ. ಪಂದ್ಯ ಶುರುವಾದ ಮೇಲೆ ಮೈ ಬದಲಾಯಿಸುವಂತಿಲ್ಲ.

ಗುಂಡು ನೆಟ್ಟಗೆ

ಸರಿ ಸರಿ, ನನ್ನ 1000 ಗ್ರಿಟ್ ವಾಪಸ್ ತಗೊಂಡೆ. ಒಂದು ಅನುಮಾನ. ಎಸೆತಕ್ಕೆ ಇಷ್ಟೆಲ್ಲಾ ತಿರುವು ಬೇಕೇ ಬೇಕಾ? ವಾಲ್ಟರ್ ರೇ ವಿಲಿಯಮ್ಸ್ ಜೂನಿಯರ್ ಹೆಚ್ಚುಕಮ್ಮಿ ನೇರವಾಗಿ ಆಡಿಯೇ ಅಮೆರಿಕದ ವೃತ್ತಿಪರ ಬೌಲಿಂಗ್ ಟೂರ್ ಪಿಬಿಎಯಲ್ಲಿ 47 ಟೈಟಲ್ ಗೆದ್ದರು.

ಎರಡು ಕೈ

ಜೇಸನ್ ಬೆಲ್ಮೊಂಟೆ ಅಲ್ಲೇ ಎರಡು ಕೈಯಲ್ಲಿ 15 ಮೇಜರ್ (ಅತಿ ದೊಡ್ಡ ಪಂದ್ಯಾವಳಿ) ಗೆದ್ದರು ಅಂತ ನಾನು ಹೇಳಬಹುದು. ಜಗಳ ಮುಗಿಯಲ್ಲ ಸರ್.

ತೂತು ಮೇಷ್ಟ್ರು

ಜಗಳ ಬೇಡ. ಚೆನ್ನಾಗಿ ಬಿದ್ದ ಸ್ಟ್ರೈಕ್‌ನಲ್ಲಿ (ಒಂದೇ ಎಸೆತಕ್ಕೆ ಹತ್ತೂ ಪಿನ್ ಬಿದ್ದಾಗ) ಬಾಲ್ ತಾನಾಗಿ ಮುಟ್ಟುವುದು 1, 3, 5, 9 ನಾಲ್ಕೇ ಪಿನ್. ಮಿಕ್ಕ ಆರನ್ನು ಪಿನ್‌ಗಳೇ ಬೀಳಿಸುತ್ತವೆ. ಬಾಲ್ ಓರೆಯಾಗಿ ಬಂದರೆ ಆ ದಾರಿಯಲ್ಲಿ ಸುಲಭವಾಗಿ ಹೋಗುತ್ತದೆ, 6 ಡಿಗ್ರಿ ಓರೆ ಒಳ್ಳೆಯದು ಅನ್ನುತ್ತಾರೆ. ಓರೆ ಕಡಿಮೆ ಇದ್ದರೆ ಬಾಲ್ ಮುಂದಿನ ಪಿನ್‌ಗೆ ತಾಗಿ ಬಲಕ್ಕೆ ಜರುಗುತ್ತದೆ, 5 ಅರ್ಧಂಬರ್ಧ ತಾಗುತ್ತದೆ. ನೇರವಾಗಿ ಆಡಿದರೂ ಸ್ಟ್ರೈಕ್ ಬರುತ್ತದೆ. ಆದರೆ ಗುರಿ ತಪ್ಪಲು ಜಾಗ ಕಡಿಮೆ. ವಾಲ್ಟರ್ ರೇಗೆ ಆ ಜಾಗ ಬೇಕಾಗಿರಲಿಲ್ಲ. ನಮಗೆ ನಿಮಗೆ ಬೇಕು.

ಹೆಬ್ಬೆರಳು

ಮೂರು ವಾರದ ವರದಿ.

ಪಿಎಪಿಯಿಂದ ಪಿನ್‌ಗೆ ಅಳೆದೆ. ಮೂರೂವರೆಗಿಂತ ಒಂದು ಎಳೆ ಕಡಿಮೆ. ಮೇಷ್ಟ್ರೇ, ನೀವು ಬಾಲ್ ನೋಡದೆಯೇ ಹೇಳಿದಿರಿ.

ಮೊದಲ ವಾರ ನನ್ನದೇ ಬುದ್ಧಿವಂತಿಕೆ. 4000 ಸಾಲದು, ಪಾಲಿಶ್ ಮಾಡಿಬಿಡೋಣ ಅಂತ ಕನ್ನಡಿ ಹಾಗೆ ಹೊಳೆಸಿದೆ. ಹೊಸ ಎಣ್ಣೆಯಲ್ಲಿ ಬಾಲ್ ತಿರುಗಲೇ ಇಲ್ಲ. ಮುಂದಿನ ಪಿನ್ ತಪ್ಪಿಸಿ ನೇರ 3ಕ್ಕೆ ಹೋಗಿ ಬಡಿಯಿತು, ಅದೂ ಸಾಲಾಗಿ ಮೂರು ಸಲ. ಅಕ್ಕನ ಮಗ ಏನೂ ಹೇಳಲಿಲ್ಲ, ಆದರೆ ನೀರಿನ ಬಾಟಲಿ ಕೊಡುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ಪಾಲಿಶ್ ತೆಗೆದು, ಮತ್ತೆ 2000, ಅದರ ಮೇಲೆ 4000. ಮೂರು ಬೋರ್ಡ್ ಎಡಕ್ಕೆ ನಿಂತೆ. ಮೊದಲ ಹತ್ತು ಎಸೆತ ಗುರಿಯೇ ಸಿಗಲಿಲ್ಲ, ಕಣ್ಣು ಹಳೇ ಬಾಣಕ್ಕೇ ಹೋಗುತ್ತಿತ್ತು. ಹನ್ನೊಂದನೆಯದು ಸರಿಯಾಗಿ ಹೋಯಿತು. ಎಷ್ಟು ದೂರ ಜಾರಿತು ಅಂದರೆ ನನಗೇ ಭಯ ಆಯಿತು. ಆಮೇಲೆ ತಿರುಗಿತು. ಹಾವಲ್ಲ, ಆದರೆ ಹಗ್ಗವೂ ಅಲ್ಲ. 10 ನಿಂತಿತು ನಿಜ, ಆದರೆ 6 ಗಾಳಿಯಲ್ಲಿ ಹಾರಿ ಅದರ ಕುತ್ತಿಗೆ ಬಳಸಿ ಗೋಡೆಗೆ ಟಣ್ ಅಂತ ಬಡಿಯಿತು! ಸ್ಟ್ರೈಕ್ ಬೀಳದಿದ್ದರೂ ಕೈ ಎತ್ತಿ ಕುಣಿದದ್ದು ಇದೇ ಮೊದಲು. ಪಕ್ಕದ ಲೇನ್‌ನವರಿಗೆ ಈಗ ಖಾತ್ರಿಯಾಗಿರಬೇಕು.

ಕಳೆದ ವಾರ 4 ಗೇಮ್‌ನಲ್ಲಿ 10ನೇ ಪಿನ್ ಉಳಿದದ್ದು 5 ಸಲ. ಸರಾಸರಿ 171. ಪ್ರತಿ ಎಸೆತದ ನಂತರ ಒಣ ಬಟ್ಟೆಯಲ್ಲಿ ಒರೆಸುವ ಅಭ್ಯಾಸವೂ ಬಂದಿದೆ. ಸಾಲಿಡ್ ಎಣ್ಣೆ ಕುಡಿಯುತ್ತದೆ ಅನ್ನುವುದು ಬಟ್ಟೆ ನೋಡಿದರೇ ಗೊತ್ತಾಗುತ್ತದೆ.

ಒಂದು ಪ್ರಶ್ನೆ ಉಳಿದಿದೆ. ಮೂರನೇ ಗೇಮ್ ಮಧ್ಯದಲ್ಲಿ ಅದು ಮತ್ತೆ ಬೇಗ ತಿರುಗಲು ಶುರು ಮಾಡುತ್ತದೆ, 6 ಮತ್ತೆ ಗಟರ್‌ನಲ್ಲಿ ಮಲಗುತ್ತದೆ. ಆಗ ಇನ್ನೂ ಎರಡು ಬೋರ್ಡ್ ಎಡಕ್ಕೆ ಹೋಗಲಾ, ಹಳೇ ಪರ್ಲ್ ತೆಗೆಯಲಾ?

ತೂತು ಮೇಷ್ಟ್ರು

ಪರ್ಲ್ ತೆಗೆಯಿರಿ. ಇನ್ನೂ ಎಡಕ್ಕೆ ಹೋದರೆ ನಿಮ್ಮ 232 ಸುತ್ತಿಗೆ ಬಾಲ್ ವಾಪಸ್ ಬರಲ್ಲ. ಪರ್ಲ್ ತೆಗೆದ ಮೇಲೆ ಒಂದು ಬೋರ್ಡ್ ಬಲಕ್ಕೆ ಬಂದು ನಿಲ್ಲಿ. 6ನೇ ಪಿನ್ ಏನು ಮಾಡುತ್ತದೆ ಬರೆಯಿರಿ.

ಎಡಚ

ನಾನೂ ನನ್ನ ಕಡೆಯ ಮೂಲೆಯ 7ನೇ ಪಿನ್ ಉಳಿದಾಗ 4 ಎಲ್ಲಿ ಮಲಗುತ್ತದೆ ಅಂತ ನೋಡಿದೆ. ಗಟರ್‌ನಲ್ಲಿ. 4000 ಪ್ಯಾಡ್ ಹುಡುಕುತ್ತಿದ್ದೇನೆ.